ಒಂದು ಬಡಿತಕ್ಕೆ ನಿಲ್ಲದ ಗಾಡಿ

ಒಂದು ಬಡಿದರೆ ನಿಲ್ಲಬೇಕು. ಎರಡು ಬಡಿದರೆ ಹೊರಡಬೇಕು. ಮಾನಪ್ಪನಿಗೂ ಅವನ ಹೆಂಡತಿ ಸಾಬವ್ವನಿಗೂ ನಡುವೆ ಇದ್ದ ಕಾನೂನು ಇದೊಂದೇ.

ಮಾನಪ್ಪ ಮುಂದೆ ಕೂತು ಗಾಡಿ ಓಡಿಸುತ್ತಿದ್ದ. ಸಾಬವ್ವ ಹಿಂದೆ ಚೀಲಗಳ ಮೇಲೆ ಕೂರುತ್ತಿದ್ದಳು. ನಡುವೆ ಒಂದು ತಗಡು. ಡೀಸೆಲ್ ಇಂಜಿನ್ನು ಕ್ಯಾಬಿನ್ನಿನ ಒಳಗೇ, ಡ್ರೈವರನ ಎಡ ತೊಡೆಗೆ ತಾಗಿಕೊಂಡೇ ಇತ್ತು. ಅದರ ಕಾವಿಗೆ ಮಾನಪ್ಪನ ತೊಡೆಯ ಮೇಲಿನ ಕೂದಲು ಉದುರಿ ಎಷ್ಟೋ ಕಾಲವಾಗಿತ್ತು. ಅದರ ಗದ್ದಲಕ್ಕೆ ಪಕ್ಕದಲ್ಲಿ ಕೂತವನ ಮಾತೇ ನೆಟ್ಟಗೆ ಕೇಳುತ್ತಿರಲಿಲ್ಲ. ಹಿಂದಿನಿಂದ ಕೂಗಿದರೆ ಅದು ಗಾಳಿಯ ಪಾಲು. ಅದಕ್ಕೇ ಸಾಬವ್ವ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯ ಹಿಡಿಯಿಂದ ತಗಡಿಗೆ ಬಡಿಯುತ್ತಿದ್ದಳು. ಬಡಿದು ಬಡಿದು ಅಲ್ಲಿ ಅಂಗೈಯಗಲ ತಗ್ಗು ಬಿದ್ದಿತ್ತು. ಬಣ್ಣ ಹೋಗಿ ತಗಡು ಬೆಳ್ಳಗೆ ಹೊಳೆಯುತ್ತಿತ್ತು.

ಗಾಡಿ ಅಮೃತಪ್ಪ ಸಾವುಕಾರನದು. ಬಿಜಾಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಕಾಳುಕಡಿಯ ಅಂಗಡಿ ಹಾಕಿದವನು. ಡೊಂಬಿವಿಲಿಯ, ಠಾಣೆಯ ಹೋಟೆಲುಗಳಿಗೆ ಅಕ್ಕಿ, ಉದ್ದಿನಬೇಳೆ. ಭಿವಂಡಿಯ ಮಗ್ಗದವರ ಖಾನಾವಳಿಗಳಿಗೆ ಜೋಳ, ತೊಗರಿಬೇಳೆ. ಮುಂಬಯಿಯ ಗಿರಣಿಗಳು ಮುಷ್ಕರದಲ್ಲಿ ಬಾಗಿಲು ಹಾಕಿದ ವರ್ಷ ಅವನು ಈ ವ್ಯಾನು ಕೊಂಡ. ಪೆಟ್ರೋಲಿನದು ಸಾಕುವುದು ಆನೆ ಸಾಕಿದಂತೆ ಎಂದು ಹೇಳಿ ಡೀಸೆಲಿನದೇ ತಂದ. ವಾರವೆಲ್ಲ ಅದು ಚೀಲ ಹೊರುತ್ತಿತ್ತು. ಉಳಿದಂತೆ ಅದು ಸಾವುಕಾರನ ಮನೆಯ ಎತ್ತು, ಬಂಡಿ ಎರಡೂ. ಗ್ಯಾಸಿನ ಸಿಲಿಂಡರು ಬಂದದ್ದು ಅದರಲ್ಲಿ. ಮಕ್ಕಳು ಟಿಟವಾಳಾದ ಗಣಪತಿ ನೋಡಲು ಹೋದದ್ದು ಅದರಲ್ಲಿ. ಯಾರದೋ ಮದುವೆಯ ಬೀಗರು, ಅವರ ಹಾಸಿಗೆ, ಅವರ ಪಾತ್ರೆ, ಸೊಸೆಯ ಬಾಣಂತನದ ತೊಟ್ಟಿಲು, ಬಾಡಿಗೆ ಮನೆ ಬಿಟ್ಟಾಗ ಕಪಾಟು, ಎಲ್ಲವನ್ನೂ ಅದೇ ಹೊತ್ತಿತು. ಬೇಡ ಅಂದದ್ದೇ ಇಲ್ಲ.

ಎತ್ತಿ ಹಾಕುವುದು, ಇಳಿಸುವುದು ಮಾನಪ್ಪ ಮತ್ತು ಹಮಾಲ ಶಂಕ್ರೆಪ್ಪ. ಕ್ವಿಂಟಲ್ ಚೀಲ. ಬೆನ್ನಿನ ತೊಗಲು ಸುಲಿದು, ಮಾಯ್ದು, ಮತ್ತೆ ಸುಲಿದು ಎಮ್ಮೆಯ ಕತ್ತಿನಂತಾಗಿತ್ತು. ಸಾಬವ್ವನ ಕೆಲಸ ದಬ್ಬಣದ್ದು. ಒಡೆದ ಚೀಲ ಹೊಲಿಯಬೇಕು, ದಾರಿಯಲ್ಲಿ ಚೀಲ ಸರಿಯದಂತೆ ಕಾಯಬೇಕು, ಚೆಲ್ಲಿದ್ದನ್ನು ಬಳಿದು ಮತ್ತೆ ತುಂಬಬೇಕು. ಮಳೆಗಾಲದ ಬೆಳಗ್ಗೆ ಬ್ಯಾಟರಿ ಸೋತರೆ ಗಾಡಿಗೆ ಧಕ್ಕಾ ಕೊಡುವವಳೂ ಅವಳೇ. ಸೀರೆಯ ಕಚ್ಚೆ ಬಿಗಿದು, ಹಣೆ ತಗಡಿಗೆ ಆನಿಸಿ, ಬರಿಗಾಲಲ್ಲಿ ಕೆಸರು ಒದೆಯುತ್ತ ದೂಡುವಳು. ಇಂಜಿನ್ನು ಕೆಮ್ಮಿ ಎದ್ದಾಗ ಕರಿ ಹೊಗೆ ಎಲ್ಲ ಅವಳ ಮುಖಕ್ಕೆ.

"ಎದ್ದಳ ನೋಡು ನನ್ನ ಸವತಿ," ಅನ್ನುವಳು, ಹೊಗೆಯೊಳಗಿಂದ. "ಅಕಿನ್ನ ಎಬ್ಬಸಾಕ ನಾ ಬೇಕು. ಮೆರಿಯಾಕ ಇಂವಾ ಬೇಕು."

ಮಾನಪ್ಪ ನಗುತ್ತಿದ್ದ. ತಗಡಿಗೆ ಎರಡು ಬಡಿತ ಬೀಳುತ್ತಿತ್ತು. ಹೊರಡುತ್ತಿದ್ದರು.

ಒಂದು ಚೈತ್ರದಲ್ಲಿ ಅಮೃತಪ್ಪನ ತಾಯಿ ನೀಲಗಂಗವ್ವ ತೀರಿಕೊಂಡಳು. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಸುಡುವುದಿಲ್ಲ. ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೆಗಲ ಮೇಲೆ ಹೊರುವ ಹೂವಿನ ವಿಮಾನ ಕಟ್ಟಿ, ಕೂತ ಹಾಗೆಯೇ ಮಣ್ಣು ಕೊಡುತ್ತಾರೆ. ಊರ ಹೊರಗೆ ಅವರ ಮಂದಿ ಕೂಡಿ ಒಂದು ತುಂಡು ಜಾಗ ಪಡೆದಿದ್ದರು. ಅಲ್ಲಿಯ ತನಕ ವಿಮಾನ ಹೊತ್ತು ನಡೆಯಲು ಆ ಬಿಸಿಲಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ವ್ಯಾನಿಗೆ ಬಾಳೆಕಂಬ ಕಟ್ಟಿದರು. ಹಿಂದೆ ಮುದುಕಿಯನ್ನು ಕೂಡಿಸಿದರು.

ಗಾಡಿ ಕುಲುಕಿದರೆ ಮುದುಕಿ ವಾಲುತ್ತಿದ್ದಳು. ಹಿಡಿದುಕೊಳ್ಳಲು ಒಬ್ಬರು ಬೇಕು. ಮಕ್ಕಳು, ಸೊಸೆಯರು ಟ್ಯಾಕ್ಸಿ ಹತ್ತಿ ಆಗಿತ್ತು.

"ಸಾಬೀ, ನೀ ಹತ್ತು," ಅಂದ ಅಮೃತಪ್ಪ. "ಅವ್ವನ್ನ ಹಿಡಕೋ. ಬೀಳಗೊಡಬ್ಯಾಡ."

ಸಾಬವ್ವ ಹತ್ತಿದಳು. ಆ ಮನೆಯ ಹೊಸ್ತಿಲು ದಾಟದವಳು ಆ ಮನೆಯ ಹಿರಿಯಳನ್ನು ತೆಕ್ಕೆಯಲ್ಲಿ ಹಿಡಿದು ಕೂತಳು. ಮುದುಕಿಯ ತಲೆ ಇವಳ ಹೆಗಲ ಮೇಲೆ. ತಗ್ಗು ಬಂದಾಗೆಲ್ಲ ಒಂದು ಬಡಿತ. ಮಾನಪ್ಪ ನಿಲ್ಲುವನು. ಅವಳು ಮುದುಕಿಯನ್ನು ನೆಟ್ಟಗೆ ಮಾಡುವಳು. ಎರಡು ಬಡಿತ. ಹೀಗೆ ಹಡೆದವರನ್ನು ಒಯ್ದ ಹಾಗೆ ಒಯ್ದರು. ಜಾಗ ಮುಟ್ಟಿದ ಮೇಲೆ ಅಯ್ಯನವರು ಮುದುಕಿಯ ಮೈಗೆ ಮತ್ತೊಮ್ಮೆ ನೀರು ಹಾಕಿಸಿದರು. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಕುಣಿ ತೋಡಿದವರು ಎಂದಿನಂತೆ ಮಾನಪ್ಪ, ಶಂಕ್ರೆಪ್ಪ. ಊರಲ್ಲಿ ಅದು ಹೊಲಗೇರಿಯ ಸರದಿ. ರೈಲು ಹತ್ತಿ ಇಷ್ಟು ದೂರ ಬಂದರೂ ಸರದಿ ಹಿಂದೆಯೇ ಬಂದಿತ್ತು. ಮೂರು ಮೆಟ್ಟಿಲು, ಒಳಗೆ ಗೂಡು, ಕೂತವರ ಮೊಣಕಾಲು ತಾಗದಷ್ಟು ಅಗಲ. ಮಾನಪ್ಪ ಕೈಯಿಂದ ಗೋಡೆ ಸವರಿ ನುಣುಪು ಮಾಡಿದ್ದ.

ಮಣ್ಣು ಮುಚ್ಚಿದ ಮೇಲೆ ಅಮೃತಪ್ಪ ಅತ್ತ. ಅಳುತ್ತಲೇ ಅಂದ: "ಮಾನ್ಯಾ, ಇವತ್ತ ನೀವಿಬ್ರು ನಮ್ಮ ಮನೀ ಮಂದಿ ಆದ್ರಿ. ಇದನ್ನ ನಾ ಮರಿಯೂದಿಲ್ಲ."

ಗುಡಿಸಲಿಗೆ ಬಂದ ಮೇಲೆ ಮಾನಪ್ಪ ಆ ಮಾತನ್ನೇ ಮತ್ತೆ ಮತ್ತೆ ಆಡಿದ. ಸಾಬವ್ವ ಸ್ಟೋವಿಗೆ ಪಿನ್ನು ಚುಚ್ಚುತ್ತ ಹೇಳಿದಳು: "ಅಳೂ ಹೊತ್ತನ್ಯಾಗ ಆಡಿದ ಮಾತು ಸೆರಗಿನ್ಯಾಗ ಕಟಗೊಬಾರ್ದು. ಕಣ್ಣೀರು ಒಣಗಿದ ಕೂಡ್ಲೆ ಗಂಟು ಸಡ್ಲ ಆಕ್ಕೈತಿ."

ಅವನು ಕೇಳಲಿಲ್ಲ. ಗಂಟು ಕಟ್ಟಿಕೊಂಡ.

ಮುಂದಿನ ಮಳೆಗಾಲಕ್ಕೆ ವ್ಯಾನಿನ ಹಿಂಬಾಗಿಲಿನ ಚಿಲಕ ಮುರಿಯಿತು. ಮಾನಪ್ಪ ಹೇಳಿದ. ಮತ್ತೆ ಹೇಳಿದ.

"ಹಗ್ಗ ಐತೆಲ್ಲೋ," ಅಂದ ಅಮೃತಪ್ಪ. "ಬಿಗದ ಕಟ್ಟು. ದೀಪಾವಳಿಗೆ ಇಡೀ ಗಾಡಿ ಗ್ಯಾರೇಜಿಗೆ ಬಿಡೂಣು."

ಮೆತ್ತಗೆ ಹೇಳಿದ. ಅವನು ಯಾವತ್ತೂ ಒರಟಾಗಿ ಮಾತಾಡಿದವನಲ್ಲ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಅವನ ಮಾತು. ಮಾನಪ್ಪ ನಾರಿನ ಹಗ್ಗ ಕಟ್ಟಿದ.

ಶ್ರಾವಣದಲ್ಲಿ ಒಂದು ದಿನ ಅಮೃತಪ್ಪ ಮಗಳಿಗೆ ಗಂಡು ನೋಡಲು ಠಾಣೆಗೆ ಹೊರಟಿದ್ದ. ಬಿಳಿ ಧೋತರ, ಜರಿ ರುಮಾಲು. ಗಾಡಿ ಹೇಗೂ ಭಿವಂಡಿಯಲ್ಲಿ ಜೋಳ ಇಳಿಸಿ ಠಾಣೆಗೆ ಹೋಗುವುದಿತ್ತು. ಮುಂದೆ, ಮಾನಪ್ಪನ ಪಕ್ಕ, ಇಂಜಿನ್ನಿನ ಆಚೆ ಕೂತ. ಶಂಕ್ರೆಪ್ಪನನ್ನು ಅಂಗಡಿಯಲ್ಲೇ ಬಿಟ್ಟಿದ್ದರು. ಸಾಬವ್ವ ಹಿಂದೆ ಒಬ್ಬಳೇ.

ಭಿವಂಡಿ ರಸ್ತೆ ಮಳೆಗೆ ಕಿತ್ತು ಹೋಗಿತ್ತು. ತಗ್ಗಿನಿಂದ ತಗ್ಗಿಗೆ ಗಾಡಿ ಜಿಗಿಯುತ್ತಿತ್ತು.

ಒಂದು ಬಡಿತ.

ಮಾನಪ್ಪನ ಕಾಲು ಬ್ರೇಕಿನ ಮೇಲೆ ಹೋಯಿತು.

"ಏ, ಯಾಕೋ?" ಅಂದ ಅಮೃತಪ್ಪ.

"ಅಕಿ ಬಡದ್ಲರೀ. ನಿಂದ್ರಬೇಕು."

"ಚೀಲ ಸರದಿರಬೇಕು. ಅಕಿ ನೋಡ್ಕೋತಾಳ. ಮಂದಿ ಕಾಯಾಕತ್ತಾರ ಅಲ್ಲಿ. ನಡಿ."

ಮಾನಪ್ಪನ ಕಾಲು ಬ್ರೇಕಿನ ಮೇಲೆಯೇ ಇತ್ತು. ಒತ್ತಲಿಲ್ಲ. ಎತ್ತಲಿಲ್ಲ. ಅಷ್ಟರಲ್ಲಿ ಇನ್ನೊಂದು ಬಡಿತ.

ಅಮೃತಪ್ಪ ನಕ್ಕ. "ಈಗ ಎರಡಾತಲ್ಲೋ? ಎರಡ ಬಡದ್ರ ಹೋಗು ಅಂತಲ್ಲ ನಿಮ್ಮ ಲೆಕ್ಕ? ನಡಿ ನಡಿ."

ಒಂದು, ಆಮೇಲೆ ಒಂದು. ಅದು ಎರಡಲ್ಲ. ಮಾನಪ್ಪನಿಗೆ ಗೊತ್ತಿತ್ತು. ಎರಡು ಅಂದರೆ ಜೋಡಿ, ಬೆನ್ನಿಗೆ ಬೆನ್ನು ಹಚ್ಚಿ ಬೀಳುವಂಥದ್ದು. ಇದು ಅದಲ್ಲ. ಅವನಿಗೆ ಗೊತ್ತಿತ್ತು, ಆದರೂ ಕಾಲು ಎತ್ತಿದ. ಸಾವುಕಾರ ನಡಿ ಅಂದಿದ್ದ. ಅಪ್ಪನ ಕಾಲ, ಅಜ್ಜನ ಕಾಲ, ಅದಕ್ಕೂ ಹಿಂದಿನಿಂದ ನಡಿ ಅಂದರೆ ನಡೆದ ಕಾಲು ಅದು. ತಾನಾಗಿಯೇ ನಡೆಯಿತು.

ಮೂರನೆಯ ಬಡಿತ ಬರಲಿಲ್ಲ.

ಜಕಾತಿ ನಾಕಾದಲ್ಲಿ ಗಾಡಿ ನಿಂತಾಗ ನಾಕಾದವನು ಕೈ ಮಾಡಿದ. "ಪೀಛೇ ದೇಖ್, ಭೈಯಾ. ಖುಲಾ ಹೈ."

ಮಾನಪ್ಪ ಇಳಿದು ಹಿಂದೆ ಹೋದ. ಬಾಗಿಲು ಬಾಯಿ ತೆರೆದಿತ್ತು. ಹಗ್ಗದ ತುಂಡು ನೇತಾಡುತ್ತಿತ್ತು. ಹಿಂದಿನ ಸಾಲಿನ ಚೀಲಗಳು ಇರಲಿಲ್ಲ. ಸಾಬವ್ವ ಇರಲಿಲ್ಲ.

ಅಮೃತಪ್ಪನೂ ಇಳಿದು ಬಂದ. ಅಯ್ಯೋ ಶಿವನೇ ಅಂದ. ಆಮೇಲೆ ಕೈಗಡಿಯಾರ ನೋಡಿದ. "ನೀ ಲಗೂನ ಹಿಂದಕ ಹೋಗು, ಮಾನ್ಯಾ. ನಾ ಬ್ಯಾರೆ ಗಾಡಿ ಹಿಡಿತೀನಿ," ಅಂದ. ಹಿಡಿದ. ಹೋದ.

ಸಾಬವ್ವ ಬಿದ್ದ ಜಾಗದಲ್ಲಿ ಜೋಳ ಬಿದ್ದಿತ್ತು. ಮಳೆನೀರಿನಲ್ಲಿ ಕೋಳಿಗಳು ಅದನ್ನು ಹೆಕ್ಕುತ್ತಿದ್ದವು. ಅವಳ ಮೇಲೆ ಚೀಲ ಬಿದ್ದಿತ್ತಂತೆ. ಮಗ್ಗದವರು ಚೀಲ ಸರಿಸಿ, ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಕಲ್ಯಾಣದ ದವಾಖಾನೆಗೆ ಒಯ್ದಿದ್ದರು. ಮಾನಪ್ಪ ಅಲ್ಲಿಗೆ ಮುಟ್ಟಿದಾಗ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ನರ್ಸಮ್ಮ ಅವನ ಕೈಗೆ ದಬ್ಬಣ ಕೊಟ್ಟಳು. ಸಾಬವ್ವ ಅದನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡಿದ್ದಳು. ಅವಳು ಬಿದ್ದರೂ ಅದು ಬಿದ್ದಿರಲಿಲ್ಲ.

ಮರುದಿನ ಹೆಣ ಬಿಡುವ ಹೊತ್ತಿಗೆ ಮಾನಪ್ಪ ಅಂಗಡಿಗೆ ಬಂದ. ಅಮೃತಪ್ಪ ಪೂಜೆ ಮುಗಿಸಿ ಗಾದಿಯ ಮೇಲೆ ಕೂತಿದ್ದ. ವ್ಯಾನು ಅಂಗಡಿಯ ಮುಂದೆಯೇ ನಿಂತಿತ್ತು. ಖಾಲಿ.

"ಆಗಬಾರದಿತ್ತೋ ಮಾನ್ಯಾ," ಅಂದ ಅಮೃತಪ್ಪ. "ಕೇಳಿ ನನ್ನ ಕಳ್ಳು ಚುರ್ ಅಂತು."

"ಗಾಡಿ ಒಯ್ತೀನ್ರಿ. ಮಣ್ಣಿಗೆ ಒಯ್ಬೇಕು ಅಕಿನ್ನ."

ಅಮೃತಪ್ಪ ಲೆಕ್ಕದ ಪುಸ್ತಕ ಮುಚ್ಚಿದ. "ಗಾಡಿ ಬ್ಯಾಡೋ. ಇದು ಅನ್ನ ಹೊರೂ ಗಾಡಿ. ನನಗೇನಿಲ್ಲ. ಆದ್ರ ಹೋಟೆಲ್‌ನವ್ರು ಮಡಿವಂತ ಮಂದಿ. ಹೆಣಾ ಹೊತ್ತ ಗಾಡ್ಯಾಗಿನ ಅಕ್ಕಿ ಅವ್ರು ಮುಟ್ಟತಾರೇನು? ನೀನ ಹೇಳು."

"ಅವ್ವಾರ್ನ ಇದ್ರಾಗ ಒಯ್ದಿದ್ವಲ್ರಿ."

"ಅದು ಬ್ಯಾರೆ."

"ಹ್ಯಾಂಗ್ ಬ್ಯಾರೆರೀ?"

"ಅದು ವಿಮಾನೋ. ಇದು..." ಅಮೃತಪ್ಪ ಮಾತು ಅಲ್ಲಿಗೇ ಬಿಟ್ಟ. ಬಿಟ್ಟ ಮಾತು ಆಡಿದ ಮಾತಿಗಿಂತ ಜೋರಾಗಿ ಕೇಳಿಸಿತು.

ಕೀಲಿ ಮಾನಪ್ಪನ ಉಡದಾರದಲ್ಲೇ ಇತ್ತು. ಗಾಡಿ ಹತ್ತು ಮಾರು ದೂರ. ಹತ್ತಿ, ತಿರುಗಿಸಿ, ಹೋಗಬಹುದಿತ್ತು. ಆ ಹೊತ್ತಿಗೆ ಅವನಿಗೆ ಅದು ಹೊಳೆಯಲೇ ಇಲ್ಲ. ಅನ್ನ ಅಂದಿದ್ದ ಸಾವುಕಾರ. ಅನ್ನ ದೊಡ್ಡ ಮಾತು. ಹಸಿದು ಬೆಳೆದವನಿಗೆ ಆ ಮಾತಿನ ಎದುರು ಬಾಯಿ ಏಳುವುದಿಲ್ಲ.

ದವಾಖಾನೆಯ ಮುಂದೆ ಈರುಳ್ಳಿ ಮಾರುವವನೊಬ್ಬನಿದ್ದ. ಮಾನಪ್ಪ, ಶಂಕ್ರೆಪ್ಪ ಸುಮ್ಮನೆ ನಿಂತಿದ್ದನ್ನು ಕಂಡು ಏನೆಂದು ಕೇಳಿದ. ಯಾರು, ಎತ್ತ ಎಂದು ಕೇಳಲಿಲ್ಲ. ಈರುಳ್ಳಿಯನ್ನು ಫುಟ್‌ಪಾತಿಗೆ ಸುರುವಿದ. "ಘೇಊನ್ ಜಾ, ಭಾವೂ," ಅಂದ. ಕೈಯಿಂದ ದೂಡುವ ತನ್ನ ಹಾತಗಾಡಿ ಕೊಟ್ಟ, ಒಯ್ಯಿ ಅಂತ.

ಸಾಬವ್ವನ ಕಾಲುಗಳು ಹಾತಗಾಡಿಯಿಂದ ಹೊರಗೆ ಚಾಚಿದ್ದವು. ಮಳೆ ಹನಿಯುತ್ತಿತ್ತು. ಶಂಕ್ರೆಪ್ಪ ಎಳೆದ, ಮಾನಪ್ಪ ದೂಡಿದ. ತಗ್ಗು ಬಂದಾಗ ನಿಲ್ಲಿಸಿ ಅವಳ ತಲೆ ಸರಿಮಾಡುತ್ತಿದ್ದ. ಹಿಡಿದು ಕೂರುವವರು ಯಾರೂ ಇರಲಿಲ್ಲ.

ಎಲ್ಲಿಗೆ ಎಂದು ಶಂಕ್ರೆಪ್ಪ ಕೇಳಲಿಲ್ಲ. ಮಾನಪ್ಪ ಹೋದ ಕಡೆ ಹೋದ. ಗೇಟು ಕಂಡಾಗ ಮಾತ್ರ ಎಳೆಯುವುದು ಬಿಟ್ಟು ತಿರುಗಿ ಮಾನಪ್ಪನನ್ನು ನೋಡಿದ. ಅದು ಅದೇ ಜಾಗ. ನೀಲಗಂಗವ್ವನ ಜಾಗ.

ಮನೀ ಮಂದಿ ಅಂದಿದ್ದನಲ್ಲ ಸಾವುಕಾರ. ಗಂಟು ಕಟ್ಟಿಕೊಂಡಿದ್ದನಲ್ಲ ಮಾನಪ್ಪ. ಆ ಜಾಗದಲ್ಲಿ ಅವನು ತೋಡಿದ ಕುಣಿಗಳು ಅವನಿಗೆ ಗುರುತಿದ್ದವು. ಮಣ್ಣಿನ ಕೆಳಗೆ ಎಲ್ಲಿ ಕಲ್ಲು, ಎಲ್ಲಿ ಮೆತ್ತಗೆ, ಅದೂ ಗೊತ್ತಿತ್ತು. ಒಂದು ಮೂಲೆಯಲ್ಲಿ, ಬೇಲಿಯ ಹತ್ತಿರ, ಯಾರಿಗೂ ಬೇಡವಾದ ಜಾಗ ಒಂದಿತ್ತು. ಕೊಡುತ್ತಾರೆ ಅಂತ ಅವನು ನಂಬಿದ್ದ. ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಕುಣಿ ತೋಡಿದವನೇ ಮಾಡಬೇಕು.

ಗೇಟಿನಲ್ಲಿ ಕಾಡಪ್ಪ ಇದ್ದ. ಆ ಜಾಗದ ಉಸ್ತುವಾರಿ ಅವನದು. ಹಾತಗಾಡಿ ನೋಡಿದ. ಕಾಲು ನೋಡಿದ.

"ಏನಿದು?"

"ನನ್ನ ಹೆಂಡ್ತಿರಿ. ಆ ಬೇಲೀ ಮೂಲ್ಯಾಗ ಒಂದೀಟು..."

"ತೆಲಿ ಕೆಟ್ಟೈತೇನಲೇ?"

"ಇಲ್ಲಿ ಕುಣಿ ಎಲ್ಲಾ ನಾನ ತೋಡೀನ್ರಿ. ಅವ್ವಾರ್ನ ಅಕಿನ ಹಿಡಕೊಂಡ ಬಂದಿದ್ಲು."

ಕಾಡಪ್ಪ ಸಿಟ್ಟಾಗಲಿಲ್ಲ. ನಕ್ಕ. "ತೋಡಿದಾವ್ಗೆಲ್ಲ ಜಾಗಾ ಕೊಡ್ಕೊಂತ ಹ್ವಾದ್ರ, ಮನಿ ಕಟ್ಟಿದ ಗೌಂಡಿಗೆ ಮನಿ ಬಿಟ್ಟುಕೊಡಬೇಕಾಕ್ಕೈತಿ. ಖಾಡೀ ಕಡೆ ಒಯ್ಯಿ. ಅಲ್ಲಿ ಬೇಕಾದಷ್ಟ ಬಿದ್ದೈತಿ."

ಶಂಕ್ರೆಪ್ಪ ಸೊಂಟಕ್ಕೆ ಸಿಕ್ಕಿಸಿದ್ದ ಹಮಾಲಿ ಕೊಕ್ಕೆಗೆ ಕೈ ಹಾಕಿದ. ಮಾನಪ್ಪ ತಡೆದ. ಹೆಣದ ಮುಂದೆ ಜಗಳ ಬೇಡ ಅಂದ. ಹಾತಗಾಡಿ ತಿರುಗಿಸಿದರು.

ಕಡಲಿನ ನೀರು ಏರಿ ಇಳಿಯುವ ಖಾಡಿಯ ದಂಡೆಯಲ್ಲಿ ತೋಡಿದಷ್ಟೂ ನೀರು. ಮಂಡಿಯಷ್ಟು ಹೋಗುವುದರೊಳಗೆ ಉಪ್ಪು ನೀರು ಜಿನುಗಿ ತುಂಬುತ್ತಿತ್ತು. ಡಾಲ್ಡಾ ಡಬ್ಬಿಯಿಂದ ಎತ್ತಿ ಚೆಲ್ಲಿದರು. ಮತ್ತೆ ತುಂಬಿತು. ಗೋಡೆ ಕುಸಿಯಿತು. ಮಂದಿಗೆಲ್ಲ ಒಣ ಕುಣಿ, ನುಣುಪು ಗೋಡೆ ಮಾಡಿಕೊಟ್ಟ ಕೈ ತನ್ನವಳಿಗೆ ಒಂದು ಒಣ ಜಾಗ ಮಾಡಲಾಗದೆ ಕೆಸರಿನಲ್ಲಿ ಆಡುತ್ತಿತ್ತು. ಕಡೆಗೆ ನೀರಿನಲ್ಲೇ ಅವಳನ್ನು ಇಳಿಸಿದರು. ಸೀರೆ ಒಮ್ಮೆ ಉಬ್ಬಿ ಮೇಲೆ ಬಂತು. ಮಾನಪ್ಪ ಅದನ್ನು ಕೈಯಿಂದ ಒತ್ತಿ ಹಿಡಿದ. ಶಂಕ್ರೆಪ್ಪ ಮಣ್ಣು ಎಳೆದ.

ಅತ್ತು ಮುಗಿದರೂ ಹೊಟ್ಟೆ ಮುಗಿಯುವುದಿಲ್ಲ. ದಿನ ಕಳೆದು ಮಾನಪ್ಪ ಕೆಲಸಕ್ಕೆ ಬಂದ. ಅಮೃತಪ್ಪ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದ. ಒಳ್ಳೆಯ ಚಿಲಕ. ಹಿತ್ತಾಳೆಯದು.

ಡೊಂಬಿವಿಲಿಯಲ್ಲಿ ಯಜ್ಞೇಶ್ವರ ಭಟ್ಟರ ಹೋಟೆಲು. ಉಡುಪಿಯ ಕಡೆಯವರು. ಅಕ್ಕಿ ಇಳಿಸಿದ ಮೇಲೆ ಭಟ್ಟರು ಹಿತ್ತಿಲ ಬಾಗಿಲಲ್ಲಿ ಅವನಿಗೆ ಚಾ ಕೊಡಿಸಿದರು. ಹೋಟೆಲಿನ ಕಪ್ಪಿನಲ್ಲಿ ಅಲ್ಲ, ಬದಿಗಿಟ್ಟ ಗ್ಲಾಸಿನಲ್ಲಿ. ಅದನ್ನು ಅವನು ಬಲ್ಲ.

"ಹೆಂಡತಿ ಹೋದದ್ದು ಕೇಳಿದೆ, ಮಾರಾಯ," ಅಂದರು ಭಟ್ಟರು. "ಹಾತಗಾಡಿಯಲ್ಲಿ ಕೊಂಡೋದ್ಯಂತೆ? ಈ ಗಾಡಿ ಎಂತಕ್ಕೆ ಕೊಡಲಿಲ್ಲ ಅವರು?"

"ಹೆಣಾ ಹೊತ್ತ ಗಾಡ್ಯಾಗಿನ ಅಕ್ಕಿ ನೀವು ಮುಟ್ಟೂದಿಲ್ಲಂತ್ರಿ."

"ನಾನಾ? ಯಾರು ಹೇಳಿದ್ದು?" ಭಟ್ಟರು ಕಣ್ಣು ದೊಡ್ಡದು ಮಾಡಿದರು. "ಅವರ ಅಮ್ಮನನ್ನು ಕೊಂಡೋದ ಮರುದಿವಸ ಇದೇ ಗಾಡಿಯಲ್ಲಿ ಅಕ್ಕಿ ಬರ್ಲಿಲ್ವಾ? ಬಾಳೆಕಂಬದ ಹಗ್ಗ ಸಹ ಬಿಚ್ಚಿರ್ಲಿಲ್ಲ. ನಾನು ತಕ್ಕೊಂಡೆ. ಈಗ ನನ್ನನ್ನು ಕೇಳಿದವರು ಯಾರು? ಯಾರೂ ಕೇಳ್ಲಿಲ್ಲ."

ಮಾನಪ್ಪ ಗ್ಲಾಸು ತೊಳೆದಿಟ್ಟ. ಕೇಳಿದ್ದರೆ ಭಟ್ಟರು ಏನು ಅನ್ನುತ್ತಿದ್ದರೋ ಅವನಿಗೆ ಗೊತ್ತಿಲ್ಲ. ಗ್ಲಾಸು ಬದಿಗಿಟ್ಟವರೂ ಅವರೇ. ಆದರೆ ಯಾರೂ ಕೇಳಿರಲಿಲ್ಲ, ಅದು ಖರೆ. ಅನ್ನದ ಹೆಸರಲ್ಲಿ ಅವನ ಬಾಯಿ ಮುಚ್ಚಿಸಿದ್ದರು. ಅಷ್ಟು ಸಾಕಾಯಿತು.

ದಸರೆ ಕಳೆದ ಮೇಲೆ ಅಮೃತಪ್ಪನ ಕಾಕಾ ಶಿವಪ್ಪ ತೀರಿಕೊಂಡ. ಠಾಣೆಯ ವರ್ತಕ ನಗರದಲ್ಲಿ ಮನೆ. ಅಲ್ಲಿಂದ ಕಲ್ಯಾಣದ ಆ ಜಾಗಕ್ಕೆ ಒಯ್ಯಬೇಕು. ವ್ಯಾನು ಹೋಯಿತು. ಬಾಳೆಕಂಬ ಕಟ್ಟಿದರು. ಮುದುಕನನ್ನು ಕೂಡಿಸಿದರು. ಗುದ್ದಲಿ, ಸಲಿಕೆ ಒಂದು ಮೂಲೆಗೆ ಹಾಕಿದರು. ಬಿಲ್ಡಿಂಗಿನ ಮುಂದೆ ಮಂದಿ ಕೂಡಿ ಭಜನೆ ಹೇಳುತ್ತಿತ್ತು.

"ಶಂಕ್ರ್ಯಾ, ಹಿಂದ ಹತ್ತು," ಅಂದ ಅಮೃತಪ್ಪ. "ಕಾಕಾನ್ನ ಹಿಡಕೋ. ಮಾನ್ಯಾ, ಹಳುವಕ ಹೊಡಿ. ಹೋದಕೂಡ್ಲೆ ಇಬ್ರೂ ಕುಣಿಗೆ ಹತ್ರಿ. ಹೊತ್ತು ಮುಳುಗೂದ್ರೊಳಗ ಆಗಬೇಕು."

ಮಾನಪ್ಪ ಇಂಜಿನ್ನು ಎಬ್ಬಿಸಿದ. ಅದು ಕೆಮ್ಮಿತು, ಎದ್ದಿತು. ಕರಿ ಹೊಗೆ ಹಿಂದೆ ಹೋಯಿತು. ಹೊಗೆಯೊಳಗಿಂದ ಯಾರೂ ಏನೂ ಅನ್ನಲಿಲ್ಲ. ಅವನು ಕಾದ. ಎಲ್ಲರೂ ಅವನು ಹೊರಡುವುದನ್ನು ಕಾಯುತ್ತಿದ್ದರು. ಅವನು ಎರಡು ಬಡಿತವನ್ನು ಕಾಯುತ್ತಿದ್ದ.

ಆಮೇಲೆ ಇಂಜಿನ್ನು ಆರಿಸಿ ಕೀಲಿ ಉಡದಾರಕ್ಕೆ ಕಟ್ಟಿಕೊಂಡ. ಇಳಿದ. ಹಿಂದಿನ ಬಾಗಿಲಿನಿಂದ ಹತ್ತಿದ. ಶಿವಪ್ಪನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಸತ್ತವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತಗಡಿನ ತಗ್ಗು ಎಲ್ಲಿದೆ ಅವನಿಗೆ ಗೊತ್ತಿತ್ತು. ಮುಷ್ಟಿ ಕಟ್ಟಿ ಅಲ್ಲಿ ಬಡಿದ.

ಒಂದೇ. ಇಡೀ ಗಾಡಿ ಗಂಟೆಯಂತೆ ಅದುರಿತು. ಭಜನೆ ನಿಂತಿತು.

"ಏನೋ ಇದು, ಮಾನ್ಯಾ?" ಅಂದ ಅಮೃತಪ್ಪ.

"ಒಂದ್ ಬಡದ್ರ ನಿಂದ್ರಬೇಕು, ಸಾವ್ಕಾರ್ರ. ಅವತ್ತ ನಿಂದ್ರಲಿಲ್ಲ. ಇವತ್ತ ನಿಂತೈತಿ."

"ಹೆಣದ ಮುಂದ ಏನಿದು ಹುಚ್ಚಾಟ? ಹತ್ತು, ನಡಿ."

"ನಡಿಯೂದಿಲ್ಲ."

ಆ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ಅವನಿಗೇ ದಿಗಿಲಾಯಿತು. ಮತ್ತೊಮ್ಮೆ ಹೇಳಿ ನೋಡಿದ. "ನಡಿಯೂದಿಲ್ರಿ. ನಿಮ್ಮ ಗಾಡಿ ಹೊಡಿಯೂದಿಲ್ಲ. ಕುಣಿ ತೋಡೂದಿಲ್ಲ. ನಿಮ್ಮ ಕಾಕಾನ್ನ ನೀವ ಹಿಡಕೋರಿ. ಮುಟ್ಟಿದ್ರ ಏನೂ ಆಗೂದಿಲ್ಲ. ನನ್ನ ಹೆಂಡ್ತಿ ನಿಮ್ಮವ್ವನ್ನ ಮುಟ್ಟಿದ್ಲು, ನಿಮ್ಮವ್ವ ಬ್ಯಾಡ ಅನಲಿಲ್ಲ."

"ನಾ ಏನ್ ಕಡಿಮಿ ಮಾಡೀನೋ ನಿನಗ?" ಅಮೃತಪ್ಪನ ದನಿ ಆಗಲೂ ಮೆತ್ತಗೇ ಇತ್ತು.

"ಕಡಿಮಿ ಏನೂ ಮಾಡಿಲ್ರಿ. ಅಕಿ ಒಂದ ಬಡದ್ಲು. ಮತ್ತ ಒಂದ ಬಡದ್ಲು. ನೀವು ಕೂಡ್ಸಿ ಎರಡು ಮಾಡಿದ್ರಿ."

ಉಡದಾರದಿಂದ ಕೀಲಿ ಬಿಚ್ಚಿ ಚೀಲ ಎಳೆಯುವ ಕೊಕ್ಕೆಯ ಪಕ್ಕ ಇಟ್ಟ. ಇಳಿದು ನಡೆದ. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆಯ ಸದ್ದು. ಶಂಕ್ರೆಪ್ಪ. ಅವನ ಕೈಯೂ ಬರಿದಾಗಿತ್ತು.

ಏನೂ ಆಗಲಿಲ್ಲ. ಪಕ್ಕದ ಗೋಡೌನಿನ ಡ್ರೈವರನೊಬ್ಬ ಸಿಕ್ಕನಂತೆ. ಅಮೃತಪ್ಪನೇ ಹಿಂದೆ ಕೂತು ಕಾಕಾನನ್ನು ಹಿಡಿದನಂತೆ. ಹೊತ್ತು ಮುಳುಗಿ, ಕಂದೀಲು ಹಿಡಿದು, ಮನೆಯವರೇ ಕುಣಿ ತೋಡಿದರಂತೆ. ಕೈಯಲ್ಲಿ ಬೊಕ್ಕೆ ಬಂದವಂತೆ. ಬೊಕ್ಕೆ ಒಣಗಿದವು. ಅಂಗಡಿ ನಡೆಯಿತು. ಗಾಡಿಗೆ ಬೇರೆ ಡ್ರೈವರ್ ಬಂದ. ತಗಡಿಗೆ ಹೊಸ ಬಣ್ಣ ಬಳಿದರು.

ಖಾಡಿಯ ದಂಡೆಯ ಗುಡ್ಡೆ ಆ ವರ್ಷದ ಕಡಲ ಉಬ್ಬರಕ್ಕೇ ಕರಗಿತ್ತು. ಮಾನಪ್ಪ ಅಲ್ಲಿ ದಬ್ಬಣ ನೆಟ್ಟು ಗುರುತು ಮಾಡಿದ್ದ. ಅದೂ ಹೋಗಿತ್ತು. ಎಲ್ಲಿ ಅಂತ ಗೊತ್ತಾಗದೆ ಅವನು ದಂಡೆಯುದ್ದಕ್ಕೂ ಕೈ ಮುಗಿದುಕೊಂಡು ನಡೆದ.

ಈಗ ಅವನು ಕಲ್ಯಾಣ ಸ್ಟೇಷನ್ನಿನ ಬಳಿ ಹಾತಗಾಡಿ ಎಳೆಯುತ್ತಾನೆ. ಗದ್ದಲದ ರಸ್ತೆ. ಎಲ್ಲೋ ಒಂದು ಅಂಗಡಿಯ ಶಟರು ಧಡ್ ಎಂದು ಬೀಳುತ್ತದೆ. ಮಾನಪ್ಪ ನಿಲ್ಲುತ್ತಾನೆ. ತುಂಬಿದ ಗಾಡಿ ಹಿಡಿದುಕೊಂಡು, ನಟ್ಟ ನಡುರಸ್ತೆಯಲ್ಲಿ. ಹಿಂದೆ ಲಾರಿಯವರು ಹಾರ್ನು ಒತ್ತುತ್ತಾರೆ. ರಿಕ್ಷಾದವರು ತಾಯಿ ಹಿಡಿದು ಬೈಯುತ್ತಾರೆ. ಅವನು ಕದಲುವುದಿಲ್ಲ. ಕುತ್ತಿಗೆ ಸ್ವಲ್ಪ ವಾಲಿಸಿ, ಕಿವಿ ಹಿಂದಕ್ಕೆ ಮಾಡಿ, ಎರಡು ಬಡಿತಕ್ಕಾಗಿ ಕಾಯುತ್ತಾನೆ.